ಏಳು ಕಲ್ಲುಗಳ ಕೋಷ್ಟಕ

ಹೋದ ತಿಂಗಳು ಯಡ್ತರೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಯಿತ್ತು. ಕುಂದಾಪುರದಲ್ಲಿ ಬೈಂದೂರು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಹೆಮ್ಮಾಡಿಯಲ್ಲಿ ಹೆಂಗಸೊಬ್ಬರು ಒಣ ಸಿಗಡಿಯ ಬುಟ್ಟಿಯೊಂದಿಗೆ ಹತ್ತಿದರು. "ಹ್ವಾಯ್, ಕಾಲ್ ಚೂರ್ ಆಚಿಗ್ ಮಾಡ್ಕಣಿ" ಎಂದು ಬುಟ್ಟಿಯನ್ನು ನನ್ನ ಪಂಚೆಗೆ ತಾಗಿಸಿಯೇ ಇಟ್ಟರು. ನಾನು ಸಾಲಿಗ್ರಾಮದ ಕಡೆಯವನು. ದೇವಸ್ಥಾನದ ಪೂಜೆ, ನಾಲ್ಕು ಗದ್ದೆ, ಮೀನು ಹೊಸ್ತಿಲು ದಾಟದ ಅಡುಗೆಮನೆ. ಆ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾದ ಜಾತಕ ನನ್ನದು. ಆದರೆ ಮೂಗಿನ ಬದಲು ಮುಖ ಮುಚ್ಚಿಕೊಳ್ಳಬೇಕೆನಿಸಿತು. ಹನ್ನೆರಡು ವರ್ಷಗಳ ಹಿಂದೆ ಗಿರಿಜಾ ಟೀಚರ್ ಕಳಿಸಿದ ಲೇಖನದ ಹಾಳೆಗಳಿಗೆ ಇದೇ ವಾಸನೆಯಿತ್ತು. ಆ ವರ್ಷ ನಾನು ಟೀಚರಿಗೆ ಮಾಡಿದ್ದು ಅನ್ಯಾಯ. ಅದನ್ನು ನಿಯಮಕ್ಕೆ ಸರಿಯಾಗಿ, ಸಹಿ ಹಾಕಿ ಮಾಡಿದೆ.

ಅದು ಎರಡು ಸಾವಿರದ ಮೂರನೇ ಇಸವಿ. ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮೇ ಕೊನೆಗೆ ವಿಶ್ವವಿದ್ಯಾಲಯವೊಂದರ ಸಂಶೋಧನಾ ಪತ್ರಿಕೆಯಿಂದ ಕಾಗದ ಬಂತು. 'ಕರಾವಳಿಯ ಕಡಲ ಅರಿವು' ಎಂಬ ವಿಶೇಷ ಸಂಚಿಕೆ ತರುತ್ತಿದ್ದಾರೆ, ಅದಕ್ಕೆ ನಾನು ಅತಿಥಿ ಸಂಪಾದಕನಾಗಬೇಕಂತೆ. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಎಷ್ಟು ದಿನ ತಿರುಗಿದೆನೆಂದರೆ ಮಡಿಕೆಯಲ್ಲಿ ಹರಿದೇ ಹೋಯಿತು. ಸ್ಟಾಫ್ ರೂಮಿನಲ್ಲಿ ಯಾರೂ ಕೇಳದೆಯೇ ತೋರಿಸಿದೆ. ಮನೆಯಲ್ಲೂ ತೋರಿಸಿದೆ. ನನ್ನ ಹೆಂಡತಿ ಶಂಕರನಾರಾಯಣದವಳು, ಮಾತಿನಲ್ಲಿ ನನಗಿಂತ ಒಂದು ಕೈ ಮುಂದು.

"ಅತಿಥಿ ಅಂದ್ರೆ ಅವ್ರ್ ನಿಮ್ಗ್ ಊಟ ಹಾಕ್ತ್ರಾ, ಅಲ್ಲ ನೀವೇ ಎಲ್ಲರಿಗೂ ಬಡಿಸ್ಕಾ?" ಎಂದಳು.

ಬಡಿಸುವುದೇ ಆಯಿತು. ಲೇಖನ ತರಿಸಿಕೊಳ್ಳಬೇಕು, ಲೇಖಕರ ಹೆಸರು ಮರೆಮಾಡಿ ಪರಿಶೀಲಕರಿಗೆ ಕಳಿಸಬೇಕು, ಅವರು ಹೇಳಿದ ತಿದ್ದುಪಡಿ ಮಾಡಿಸಬೇಕು, ಬ್ರಹ್ಮಾವರದ ಮುದ್ರಣಾಲಯಕ್ಕೆ ಹೋಗಿ ಕರಡು ನೋಡಬೇಕು. ಕಡಲಿನ ಬಗ್ಗೆ ಸಂಪಾದಿಸಲು ಹೊರಟ ನನಗೆ ಕಡಲು ಎಷ್ಟು ಗೊತ್ತಿತ್ತು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲೇ ಇದ್ದ ಕಡಲನ್ನು ನಾವು ರಾತ್ರಿ ಕೇಳುತ್ತಿದ್ದೆವು, ವರ್ಷಕ್ಕೆರಡು ಬಾರಿ ಸ್ನಾನಕ್ಕೆ ಹೋಗುತ್ತಿದ್ದೆವು. ಅಷ್ಟೇ ನನ್ನ ಅರ್ಹತೆ.

ಜುಲೈ ಹೊತ್ತಿಗೆ ಎಂಟು ಲೇಖನ ಬಂದವು. ಏಳನ್ನು ಬರೆದವರು ನನ್ನಂಥವರೇ, ಪಾದಕ್ಕೆ ಉಪ್ಪುನೀರು ತಾಗದ ಪ್ರಾಧ್ಯಾಪಕರು. ಎಂಟನೆಯದು ಕೈಬರಹದಲ್ಲಿ, ಉದ್ದ ಗೆರೆಹಾಳೆಯ ಇಪ್ಪತ್ತೆರಡು ಪುಟ. ಬರೆದವರು ಯಡ್ತರೆಯ ಹತ್ತಿರದ ಪ್ರಾಥಮಿಕ ಶಾಲೆಯೊಂದರ ಟೀಚರ್, ಹೆಸರು ಗಿರಿಜಾ. ಅಂಚೆಯ ಮೂಲಕ ಎಂ.ಎ. ಮಾಡಿಕೊಂಡಿದ್ದರು. ಪಿಎಚ್.ಡಿ.ಗೆ ಸೇರಬೇಕೆಂದು ಆಸೆ. ಮಾರ್ಗದರ್ಶಕರು ಪ್ರಕಟವಾದ ಒಂದು ಲೇಖನವಾದರೂ ಇರಬೇಕು ಎಂದಿದ್ದಾರೆ, ದಯವಿಟ್ಟು ಪರಿಶೀಲಿಸಿ ಎಂದು ಜೊತೆಯ ಕಾಗದದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದರು.

ಲೇಖನ ಅವರ ತಂದೆ ಮಂಜಣ್ಣನವರ ಕುರಿತದ್ದು. ಕಡಲಿನ ತಳದಲ್ಲಿ ಅಲ್ಲಲ್ಲಿ ಬಂಡೆಗಳಿರುತ್ತವೆ. ಮೀನುಗಾರರು ಅವನ್ನು ಬರೀ ಕಲ್ಲು ಎನ್ನುತ್ತಾರೆ. ಒಳ್ಳೆಯ ಮೀನು ಸೇರುವುದು ಅಲ್ಲೇ. ಮೇಲಿನಿಂದ ಎಲ್ಲೆಡೆಯೂ ಒಂದೇ ನೀರು, ಕಲ್ಲು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಮಂಜಣ್ಣ ದೋಣಿಯಲ್ಲಿ ದಡದ ಕಡೆ ಮುಖ ಮಾಡಿ ಕೂರುತ್ತಾರೆ. ದೂರದ ಕೊಡಚಾದ್ರಿಯ ತುದಿ ದಡದ ಒಂದು ತಾಳೆಮರದ ನೆತ್ತಿಗೆ ಬಂದು ನಿಂತರೆ ಅದು ಒಂದು ಗುರುತು. ಅದೇ ಹೊತ್ತಿಗೆ ಉತ್ತರಕ್ಕೆ ಒತ್ತಿನೆಣೆ ಗುಡ್ಡದ ಅಂಚು ನೀರಿನ ಮೇಲೆ ಕಾಣುವ ಒಂದು ಬಂಡೆಗೆ ಕೂಡಿದಂತೆ ಕಂಡರೆ ಎರಡನೇ ಗುರುತು. ಎರಡೂ ಗುರುತು ಒಟ್ಟಿಗೆ ಕೂಡಿದ ಜಾಗದಲ್ಲಿ ಲಂಗರು ಬಿಟ್ಟರೆ ಕೆಳಗೆ ಕಲ್ಲು. ಅಂಥ ಏಳು ಕಲ್ಲುಗಳು ಅವರಿಗೆ ಗೊತ್ತಿದ್ದವು. ಟೀಚರ್ ಬರೆದ ಬರಹದಲ್ಲಿ ಆ ಮುದುಕರ ಕುತ್ತಿಗೆ ತಿರುಗುವ ರೀತಿ ಕೂಡ ಇತ್ತು. ಓದಿ ಮುಗಿಸಿದಾಗ, ಉಳಿದ ಏಳನ್ನೂ ಎತ್ತಿ ಆಚೆ ಹಾಕಿ ಇದೊಂದನ್ನೇ ಅಚ್ಚು ಹಾಕಬೇಕೆನಿಸಿತು.

ಪರಿಶೀಲಕರಿಗೆ ಹಾಗನಿಸಲಿಲ್ಲ. ಬರಹ ಭಾವುಕವಾಗಿದೆ, ಏಳೂ ಬಂಡೆಗಳ ಗುರುತುಗಳ ಕೋಷ್ಟಕ ಇಲ್ಲದೆ ಇದು ಸಂಶೋಧನೆಯಾಗದು ಎಂದು ಬರೆದರು. ಲೇಖನದಲ್ಲಿ ಉದಾಹರಣೆಗೆಂದು ಒಂದೇ ಕಲ್ಲಿನ ಗುರುತಿತ್ತು. ಅದೂ ಮೀನು ಬರಿದಾಗಿ ಎಲ್ಲರೂ ಬಿಟ್ಟ ಕಲ್ಲಂತೆ. ನಾನು ಪರಿಶೀಲಕರಿಗೆ ಎದುರು ಹೇಳಬಹುದಿತ್ತು. ಹೇಳಲಿಲ್ಲ. ಕೋಷ್ಟಕ ಇದ್ದರೆ ಸಂಚಿಕೆಗೆ ತೂಕ ಬರುತ್ತದೆಂದು ನನಗೂ ಅನ್ನಿಸಿತು. ಟೀಚರಿಗೆ ಕಾಗದ ಬರೆದೆ. ಉತ್ತರವಿಲ್ಲ. ಆಮೇಲೆ ನಾನೇ ಹೊರಟೆ.

ಕಡಲು ಅಬ್ಬರಿಸುತ್ತಿದ್ದ ದಿನಗಳು. ಬೈಂದೂರಿನಲ್ಲಿ ಇಳಿದು ರಿಕ್ಷಾ ಹಿಡಿದು ಹೋದರೆ ದೋಣಿಯನ್ನು ಮೇಲಕ್ಕೆಳೆದು ತೆಂಗಿನ ಮಡಲು ಮುಚ್ಚಿದ್ದರು. ಮಂಜಣ್ಣ ಜಗಲಿಯಲ್ಲಿ ಕಾಲು ಚಾಚಿ ಬಲೆ ಹೊಲಿಯುತ್ತಿದ್ದರು. ಎಪ್ಪತ್ತರ ಹತ್ತಿರದ ಪ್ರಾಯ. ಹೆಂಡತಿ ತೀರಿಕೊಂಡಿದ್ದರು. ಮಗ ಮುಂಬಯಿಯ ಹೋಟೆಲಿನಲ್ಲಿ ಕ್ಯಾಷಿಯರ್ ಆಗಿ ಕಡಲಿಗೆ ಬೆನ್ನು ಹಾಕಿದ್ದ. ಮನೆಯಲ್ಲಿ ಇದ್ದವರು ತಂದೆ, ಮದುವೆಯಾಗದ ಮಗಳು.

"ಬನಿ ಮೇಷ್ಟ್ರೇ, ಕೂಕಣಿ. ನೀವ್ ಸಾಲಿಗ್ರಾಮದವ್ರಂಬ್ರಲೆ. ನಮ್ಮನಿಯಂಗೆ ನೀವ್ ತಿಂಬುದ್ ಎಂತ ಇತ್ತ್? ಬಾಳಿಹಣ್ಣ್ ತಿನ್ನಿ."

ನಾನು ಎರಡು ಹಣ್ಣು ತಿಂದು, ಬಂದ ವಿಷಯ ತೆಗೆದೆ. ಅವರು ಬಲೆಯ ನೂಲನ್ನು ಹಲ್ಲಿನಲ್ಲಿ ಕತ್ತರಿಸಿದರು.

"ಈ ನಿಮ್ ಪುಸ್ತಕ ಯಾರೆಲ್ಲ ಓದ್ತ್ರ್?"

"ಖರೆ ಹೇಳುದಾರೆ ಯಾರೂ ಓದುದಿಲ್ಲೆ ಮಂಜಣ್ಣ. ಬರ್ದವ್ರ್ ಅವ್ರವ್ರದ್ದ್ ಓದ್ತ್ರ್. ಮತ್ತೆ ಕಪಾಟಿಗೆ."

ಅವರಿಗೆ ನಗು ತಡೆಯಲಾಗಲಿಲ್ಲ. "ಯಾರೂ ಓದ್ದಿದ್ರೆ ಅಚ್ಚ್ ಹಾಕುದೆಂತಕ್ಕೆ ಮರ್ರೆ?"

"ನಿಮ್ ಮಗ್ಳ್ ಮುಂದ್ ಓದುಕೆ ಅದ್ ಬೇಕ್" ಎಂದೆ. ಆ ಮಾತು ಎಲ್ಲಿಗೆ ತಾಗುತ್ತದೆಂದು ತಿಳಿದೇ ಹೇಳಿದೆ. ಟೀಚರ್ ಬಾಗಿಲಲ್ಲಿ ನಿಂತು ಕಾಲಿನ ಬೆರಳು ನೋಡುತ್ತಿದ್ದರು.

"ಇದ್ ಹೆಣ್ ಮಕ್ಳಿಗೆ ಹೇಳು ಕ್ರಮ ಇಲ್ಲೆ ಮೇಷ್ಟ್ರೇ" ಎಂದರು ಮಂಜಣ್ಣ. "ಮದಿ ಆಯಿ ಹೋಪತಿಗೆ ಗುರ್ತೂ ಇನ್ನೊಂದ್ ದೋಣಿಗ್ ಹೋತ್ತ್. ಚುಕ್ಕಾಣಿ ಹಿಡ್ಕಂಡ ಮಗಂಗ್ ಮಾತ್ರ ಹೇಳುದ್. ಮಗ ಕಾಣಿ, ಹೋಟ್ಲ್ ಗಲ್ಲೆಯಂಗ್ ಕೂಕಂಡಿದಾ." ಮತ್ತೆ ಮಗಳ ಕಡೆ ನೋಡಿದರು. "ಒಂದ್ ವಾರ ಬಿಡಿ. ಕಾಂಬ."

ವಾರ ಕಳೆದು ಟೀಚರ್ ಕಾಲೇಜಿಗೇ ಬಂದರು. ಕೊಡೆಯಿಂದ ನೀರು ಸೋರುತ್ತಿತ್ತು, ಕೋಷ್ಟಕದ ಹಾಳೆ ಮಾತ್ರ ಪ್ಲಾಸ್ಟಿಕ್ಕಿನೊಳಗೆ ಒಣಗಿಯೇ ಇತ್ತು. ಏಳು ಕಲ್ಲು, ಒಂದೊಂದಕ್ಕೆ ಎರಡೆರಡು ಗುರುತು, ಮುದ್ದಾದ ಟೀಚರ್ ಅಕ್ಷರ. ನನ್ನ ಕೈಗೆ ಕೊಡುವಾಗ ಒಮ್ಮೆ ನನ್ನ ಮುಖ ನೋಡಿದರು, ಏನೋ ಹೇಳುವವರಂತೆ. ನಾನು ಖುಷಿಯಲ್ಲಿ ನಕ್ಕೆ, "ಅಪ್ಪಯ್ಯಂಗೆ ಥ್ಯಾಂಕ್ಸ್ ಹೇಳಿ" ಎಂದೆ. ಅವರೂ ನಕ್ಕರು.

ಬ್ರಹ್ಮಾವರದಲ್ಲಿ ಕರಡು ತಿದ್ದುವಾಗ ಇನ್ನೊಂದು ಕೆಲಸ ಮಾಡಿದೆ. ಅವರ ಲೇಖನದ ಮೊದಲ ಮೂರು ಪುಟ, ಮುದುಕರು ದಡದ ಕಡೆ ಮುಖ ಮಾಡಿ ಕೂರುವ ಭಾಗ, ಪೂರ್ತಿ ಹೊಡೆದುಹಾಕಿ ಕೋಷ್ಟಕಕ್ಕೆ ಜಾಗ ಮಾಡಿದೆ. ಮುದ್ರಣಾಲಯದ ಹುಡುಗಿ ಕೂಡ "ಇದ್ ಚಂದ ಇದ್ದಿತ್ತಲೆ ಸರ್" ಎಂದಳು. ಪುಟ ಹೆಚ್ಚಾಗುತ್ತದೆ ಎಂದೆ.

ಸಂಚಿಕೆ ನವೆಂಬರಿನಲ್ಲಿ ಬಂತು. ಮುಖಪುಟದ ಒಳಗೆ ನನ್ನ ಹೆಸರು, ಅದರ ಕೆಳಗೆ ಅತಿಥಿ ಸಂಪಾದಕ. ಟೀಚರ್ ಅವರ ಅರ್ಜಿಯನ್ನು ಮಾರ್ಗದರ್ಶಕರು ತೆಗೆದುಕೊಂಡರು. ನೋಂದಣಿ ಫೆಬ್ರವರಿಯಲ್ಲಿ ಆಗುವುದಿತ್ತು. ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕೂತು ತಾಸುಗಟ್ಟಲೆ ಮಾತಾಡಿದರು. ಆ ದಿನ ಅವರಷ್ಟು ಖುಷಿಯಲ್ಲಿದ್ದ ಇನ್ನೊಬ್ಬರನ್ನು ನಾನು ಆ ವರ್ಷ ಕಾಣಲಿಲ್ಲ.

ನಮ್ಮ ಕಾಲೇಜಿನ ಭೂಗೋಳದ ಹೆಗ್ಡೆಯವರು ಸುಮ್ಮನಿರಲಾರದ ಮನುಷ್ಯ. ಒಂದು ಮಧ್ಯಾಹ್ನ ನಕಾಶೆ ಹರಡಿ, ಅಡಿಕೋಲು ಹಿಡಿದು, ಕೋಷ್ಟಕದ ಗುರುತುಗಳಿಗೆ ಗೆರೆ ಎಳೆಯುತ್ತಾ ಕೂತರು. ಸ್ವಲ್ಪ ಹೊತ್ತಿನಲ್ಲಿ ಸ್ಟಾಫ್ ರೂಮಿಗೆಲ್ಲ ಕೇಳುವ ಹಾಗೆ ಕರೆದರು.

"ಹ್ವಾಯ್ ಸಂಪಾದಕ್ರೇ, ಇಲ್ ಬನಿ. ನಿಮ್ ಮೂರ್ನೇ ಕಲ್ಲ್ ಕೊಲ್ಲೂರ್ ರಸ್ತಿ ಮೇಲ್ ಬತ್ತ್. ಮೀನ್ ಬಸ್ಸಂಗ್ ಹೋಪುದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಏಳರಲ್ಲಿ ಐದು ಕಲ್ಲುಗಳ ಗೆರೆಗಳು ಎಲ್ಲೋ ಗುಡ್ಡದ ಮೇಲೆ ಕೂಡುತ್ತಿದ್ದವು, ಇಲ್ಲವೇ ಕೂಡುತ್ತಲೇ ಇರಲಿಲ್ಲ. ಫೆಬ್ರವರಿಯಲ್ಲೇ ನನ್ನ ಬಡ್ತಿಯ ಸಂದರ್ಶನವೂ ಇತ್ತು, ಅದೇ ವಿಶ್ವವಿದ್ಯಾಲಯದವರ ಮುಂದೆ. ಆ ಸಂಚಿಕೆಯೇ ನನ್ನ ದೊಡ್ಡ ಬಂಡವಾಳ.

ಆ ಶನಿವಾರ ಯಡ್ತರೆಗೆ ಹೋದೆ. ಶಾಲೆ ಬಿಡುವ ಹೊತ್ತು. ಟೀಚರ್ ಜೊತೆ ಶಾಲೆಯ ಹೊರಗಿನ ಮಾವಿನ ಮರದ ಕೆಳಗೆ ನಿಂತು ಕೇಳಿದೆ. ಅವರು ಸ್ವಲ್ಪವೂ ಅಡಗಿಸಲಿಲ್ಲ.

"ಅಪ್ಪಯ್ಯ ಸರಿಯಾದ್ದೇ ಹೇಳಿದ್ರ್ ಸರ್. ಅದಲ್ ಬದಲ್ ಮಾಡದ್ ನಾನ್. ಇದ್ರ ಗುರ್ತ್ ಅದಕ್ಕ್, ಅದ್ರದ್ ಇದಕ್ಕ್."

"ಎಂತಕ್ಕೆ ಟೀಚರ್?"

"ಅವ್ರ್ ಕೊಟ್ಟದ್ ನಂಗೆ ಸರ್, ಪುಸ್ತಕಕ್ಕಲ್ಲ. ಬಾಗ್ಲ್ ಹಾಕ್ಕಂಡ್ ಹೇಳಿದ್ರ್." ಆಮೇಲೆ ನನ್ನ ಮುಖವನ್ನೇ ನೋಡಿ ಆಶ್ಚರ್ಯದಿಂದ ಕೇಳಿದರು: "ನಿಮ್ಗ್ ಗೊತ್ತಿಲ್ಯಾ ಸರ್? ನಮ್ಮಲ್ಲಿ ಬೇರೆ ದೋಣಿಯವ್ರ್ ಬಂದ್ 'ಮೀನ್ ಎಲ್ ಸಿಕ್ತ್' ಅಂದೇಳಿ ಕೇಂಡ್ರೆ, ಹೇಳುದಿಲ್ಲೆ ಅಂಬುಕಾಗ. ಅದ್ ಅವ್ರಿಗ್ ಅವಮಾನ. ಒಂದ್ ತಪ್ಪ್ ಗುರ್ತ್ ಹೇಳ್ತ್ರ್. ಅದ್ ತಪ್ಪ್ ಅಂದೇಳಿ ಕೇಂಡವ್ರಿಗೂ ಗೊತ್ತಿರತ್ತ್. ಇಬ್ರೂ ನಗ್ಯಾಡಿ ಹೋತ್ರ್. ನೀವೂ ಅವತ್ ನಗ್ಯಾಡಿದ್ರಿ. ಗೊತ್ತಾಯ್ತ್ ಅಂದ್ಕಂಡೆ."

ಮತ್ತೆ ಸಣ್ಣ ದನಿಯಲ್ಲಿ ಕೇಳಿದರು.

"ಯಾರೂ ಓದುದಿಲ್ಲೆ ಅಂದಿದ್ರಿ ಅಲ್ದಾ ಸರ್?"

ಕಡಲಿನಿಂದ ಎರಡು ಮೈಲಿ ದೂರದಲ್ಲಿ ಹುಟ್ಟಿ ಬೆಳೆದವನಿಗೆ ದಡದ ಮರ್ಯಾದೆಯ ಒಂದಕ್ಷರವೂ ತಿಳಿದಿರಲಿಲ್ಲ. ಕಡಲ ಅರಿವಿನ ಸಂಚಿಕೆಗೆ ಸಂಪಾದಕ ಬೇರೆ. ಅವರು ಸುಳ್ಳು ಹೇಳಿರಲಿಲ್ಲ. ಎರಡೆರಡು ಸಲ ಕೇಳಿದ ಹೊರಗಿನವನಿಗೆ ಏನು ಕೊಡಬೇಕೋ ಅದನ್ನು ಕೊಟ್ಟಿದ್ದರು, ಅಷ್ಟೂ ನಯವಾಗಿ. ನಾನು ಅದನ್ನು ತೆಗೆದುಕೊಂಡು ಅಚ್ಚು ಹಾಕಿದ್ದೆ.

ಇಷ್ಟನ್ನು ಅರ್ಥ ಮಾಡಿಕೊಂಡವನು ಏನು ಮಾಡಬೇಕಿತ್ತು? ಮುಂದಿನ ಸಂಚಿಕೆಯಲ್ಲಿ ಒಂದು ಟಿಪ್ಪಣಿ ಬರೆಯಬೇಕಿತ್ತು. ಗುಟ್ಟು ಕಾಯುವ ಸಲುವಾಗಿ ಈ ಗುರುತುಗಳನ್ನು ಬದಲಿಸಲಾಗಿದೆ, ಹಾಗೆ ಬದಲಿಸಿ ಹೇಳುವುದೇ ಇಲ್ಲಿನ ಪದ್ಧತಿ, ಒತ್ತಾಯ ಮಾಡಿ ಕೇಳಿದ್ದು ಸಂಪಾದಕರ ತಪ್ಪು. ಇಷ್ಟು ಸಾಕಿತ್ತು. ಅವರ ಮರ್ಯಾದೆ ಉಳಿಯುತ್ತಿತ್ತು, ಬಹುಶಃ ಸಂಚಿಕೆಗೂ ಅದರಿಂದ ಒಳ್ಳೆಯದೇ ಆಗುತ್ತಿತ್ತು. ಬಸ್ಸಿನಲ್ಲಿ ಬರುವಾಗ ಆ ವಾಕ್ಯಗಳನ್ನು ಮನಸ್ಸಿನಲ್ಲೇ ಬರೆದೂ ಇದ್ದೆ.

ಮನೆಗೆ ಬಂದು ಪೆನ್ನು ಹಿಡಿದಾಗ ಬೇರೆಯದೇ ಬರೆದೆ. ವಿಶೇಷ ಸಂಚಿಕೆಯ ಇಂಥ ಲೇಖನದಲ್ಲಿ ಲೇಖಕಿ ಒದಗಿಸಿದ ಕೋಷ್ಟಕ ನಂಬಲರ್ಹವಲ್ಲವೆಂದು ತಿಳಿದುಬಂದಿದೆ, ಓದುಗರು ಅದನ್ನು ಬಳಸಬಾರದು, ಅತಿಥಿ ಸಂಪಾದಕರಿಗೆ ಈ ವಿಷಯ ತಿಳಿದಿರಲಿಲ್ಲ. ಮೂರು ಸಾಲು. ಒಂದೊಂದು ಮಾತೂ ನಿಜ. ಮೂರನೆಯದನ್ನು ನನಗಾಗಿ ಬರೆದುಕೊಂಡೆ. ಹೆಗ್ಡೆಯವರಿಗೆ ತೋರಿಸಿದಾಗ "ಸರಿಯಾಯ್ತ್, ನಿಮ್ಮ್ ಮೈ ಮೇಲ್ ಬಪ್ಪುದಿಲ್ಲೆ" ಎಂದರು. ಹೆಂಡತಿಗೆ ತೋರಿಸಲಿಲ್ಲ. ಹಪ್ಪಳದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ.

ನನಗೆ ಬಡ್ತಿ ಸಿಕ್ಕಿತು. ಟೀಚರ್ ಅವರ ಅರ್ಜಿ ಹಿಂದಕ್ಕೆ ಬಂತು. ಆ ಮೂರು ಸಾಲು ಅಚ್ಚಾದ ಮುಂದಿನ ಸಂಚಿಕೆಯನ್ನು ನಾನು ಅವರಿಗೆ ಕಳಿಸಿಯೂ ಇರಲಿಲ್ಲ. ನೋಂದಣಿಗೆ ಹೋದಾಗ ಮಾರ್ಗದರ್ಶಕರ ಮೇಜಿನ ಮೇಲೆ ಅದು ತೆರೆದಿತ್ತಂತೆ. ಇನ್ಯಾರೋ ಹೇಳಿ ಇದು ನನಗೆ ತಿಳಿಯಿತು. ಟೀಚರ್ ನನಗೆ ಒಂದು ಕಾಗದವನ್ನೂ ಬರೆಯಲಿಲ್ಲ, ಒಂದು ಫೋನೂ ಮಾಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಒಮ್ಮೆ ಕುಂದಾಪುರದ ಸಂತೆಯಲ್ಲಿ ದೂರದಿಂದ ಅವರು ಬರುವುದು ಕಂಡು ಪಕ್ಕದ ಚಪ್ಪಲಿ ಅಂಗಡಿಗೆ ನುಗ್ಗಿದೆ. ಹೊಕ್ಕ ತಪ್ಪಿಗೆ ಕಾಲಿಗಾಗದ ಚಪ್ಪಲಿ ಕೊಂಡೆ. ಮುಂದೆ ಬೈಂದೂರು ಕಡೆಯ ಯಾವ ಕಾರ್ಯಕ್ರಮಕ್ಕೆ ಕರೆದರೂ ಏನಾದರೊಂದು ನೆಪ ಹೇಳುತ್ತಿದ್ದೆ. ಆ ವಿಶೇಷ ಸಂಚಿಕೆಯ ಹೆಸರಿನಲ್ಲಿ ಎಷ್ಟೋ ವಿಚಾರಗೋಷ್ಠಿಗಳಿಗೆ ಹೋಗಿ ಶಾಲು ಹೊದೆಸಿಕೊಂಡೆ. ಅದಕ್ಕೆ ಮಾತ್ರ ನೆಪ ಹೇಳಲಿಲ್ಲ.

ಹೋದ ತಿಂಗಳ ಮದುವೆಯನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಹುಡುಗ ಮನೆಗೇ ಬಂದು ಕಾಲಿಗೆ ಬಿದ್ದು ಕರೆದಿದ್ದ. ಛತ್ರದ ಊಟದ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು. "ಇಲ್ ಯಾರಾರೂ ಇದ್ರಾ ಸರ್?" ಎಂಬ ದನಿ ಕೇಳಿ ತಲೆಯೆತ್ತಿದರೆ ಗಿರಿಜಾ ಟೀಚರ್. ಮದುಮಗನಿಗೆ ಒಂದನೇ ಕ್ಲಾಸು ಕಲಿಸಿದವರು ಅವರೇ ಅಂತೆ. ಈಗ ಅದೇ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಕೂದಲು ಹಣ್ಣಾಗಿತ್ತು. ಎದ್ದು ಓಡೋಣವೆಂದರೆ ಎಲೆ ಹಾಕಿಯಾಗಿತ್ತು.

ಏನಾದರೂ ಕೇಳಬೇಕಲ್ಲ ಎಂದು ಅಪ್ಪಯ್ಯ ಹೇಗಿದ್ದಾರೆ ಎಂದು ಕೇಳಿದೆ. ತೀರಿಕೊಂಡು ನಾಲ್ಕು ವರ್ಷವಾಯಿತು ಎಂದರು. ಉಪ್ಪು, ಕೋಸಂಬರಿ, ಪಲ್ಯ ಎಲೆಗೆ ಬಿದ್ದವು. ಅವರು ಬಡಿಸುವವನು ಮುಂದೆ ಹೋಗುವುದನ್ನು ಕಾದು, ಮಾತು ಮುಂದುವರಿಸಿದರು.

"ನೀವ್ ಬರ್ದ ಆ ಮೂರ್ ಸಾಲ್ ಅಪ್ಪಯ್ಯಂಗೆ ಓದಿ ಹೇಳಿದ್ದೆ ಸರ್. ಗುರ್ತ್ ಅದಲ್ ಬದಲ್ ಮಾಡದ್ ಮೊದ್ಲೇ ಅವ್ರಿಗ್ ಗೊತ್ತಿತ್ತ್. 'ಈ ಕೋಷ್ಟಕ ಯಾರೂ ನಂಬ್ಬೇಡಿ ಅಂದೇಳಿ ಮೇಷ್ಟ್ರ್ ಅಚ್ಚ್ ಹಾಕಿರ್' ಅಂದೆ. ಎಷ್ಟ್ ಖುಷಿ ಆಯ್ತ್ ಅವ್ರಿಗ್. 'ಕಂಡ್ಯಾ, ಮೇಷ್ಟ್ರ್ ನಮ್ ಕಲ್ಲ್ ಕಾಯ್ದ್ರ್. ಇನ್ ಯಾರೂ ಹುಡ್ಕಂಡ್ ಹೋಪುದಿಲ್ಲೆ. ಅವ್ರೂ ನಮ್ ದೋಣಿಯವ್ರೇ' ಅಂದ್ರ್."

"ನೀವ್ ಎಂತ ಹೇಳಿದ್ರಿ?" ಎಂದೆ.

"ಎಂತ ಹೇಳುದ್ ಸರ್. ಹೌದ್ ಅಂದೆ."

"ಟೀಚರ್, ನಾನ್ ಬರ್ದದ್ ಅದಕ್ಕಲ್ಲ. ನಂಗ್ ನನ್ ಹೆಸ್ರ್ ಉಳ್ಸ್ಕಂಬುಕೆ..." ಎಂದೆ.

"ಗೊತ್ತಿತ್ತ್ ಸರ್" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಮಕ್ಕಳ ಹಾಜರಿ ಕರೆಯುವಂಥ ದನಿ. "ಅಪ್ಪಯ್ಯ ಹೋಪು ಮುಂಚೆ ಒಂದ್ ಮಾತ್ ಹೇಳಿದ್ರ್. ಆ ಏಳ್ರಂಗೆ ದೊಡ್ಡ ಕಲ್ಲಿನ ಸರಿ ಗುರ್ತ್ ಮೇಷ್ಟ್ರಿಗ್ ಹೇಳ್ಕ್ ಅಂದೇಳಿ. ನೀವ್ ಸಿಕ್ಲೇ ಇಲ್ಲೆ. ಈಗ ಎಲ್ಲ ದೋಣಿಯಂಗೂ ಜಾಗ ತೋರ್ಸು ಮಿಷನ್ ಇತ್ತ್, ಯಾರಿಗೂ ಅದ್ ಬ್ಯಾಡ. ಆದ್ರೂ ಅವ್ರ್ ಹೇಳದ್ ನಾನ್ ಮಾಡ್ಕಲೆ."

ಬೇಡ ಎನ್ನಬೇಕಿತ್ತು. ಅದನ್ನು ಪಡೆಯುವವನು ನಾನಲ್ಲ ಎಂದು ಎದ್ದು ಹೋಗಬೇಕಿತ್ತು. ಅವರು ನನ್ನ ಕಡೆ ಸ್ವಲ್ಪ ಬಾಗಿ ಎರಡು ಗುರುತು ಹೇಳಿದರು. ಒಂದು ಬೆಟ್ಟದ್ದು, ಒಂದು ಮರದ್ದು. ಒಂದೊಂದನ್ನೂ ಎರಡು ಸಲ ಹೇಳಿದರು, ಟೀಚರುಗಳು ಹೇಳುವ ಹಾಗೆ. ನಾನು ತಲೆಯಾಡಿಸಿದೆ. ಆಮೇಲೆ ಪಾಯಸ ಬಂತು, ಅವರು ಹಾಕಿಸಿಕೊಂಡು ಊಟ ಮಾಡಿದರು.

ಆ ಗುರುತುಗಳನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿಯೂ ಬರೆಯುವುದಿಲ್ಲ. ಅವರು ತಂದೆಯ ಮಾತಿನಂತೆ ಸರಿಯಾದದ್ದನ್ನೇ ಹೇಳಿದರೋ, ಹೊರಗಿನವರು ಕೇಳಿದರೆ ಹೇಳುವಂಥದ್ದನ್ನು ಹೇಳಿದರೋ ನನಗೆ ಗೊತ್ತಿಲ್ಲ. ಮುಖ ನೋಡಿ ಅದನ್ನು ತಿಳಿಯುವ ವಿದ್ಯೆ ನನಗೆ ಈಗಲೂ ಬಂದಿಲ್ಲ. ತಪ್ಪು ಗುರುತೇ ಆಗಿರಲಿ ಎಂದು ದಿನವೂ ಆಸೆಪಡುತ್ತೇನೆ. ಅವರು ಹೇಳಿದ್ದು ಸರಿಯಾದದ್ದಾಗಿದ್ದರೆ ಅದನ್ನು ಇಟ್ಟುಕೊಂಡು ಬದುಕುವ ಮುಖ ನನಗಿಲ್ಲ.